ಮುಟ್ಟದ ಸಾಲು ಉಳಿಯಿತೇ?

ಒಂದು ಪ್ರೋಗ್ರಾಂಗೆ ಬೇಕಾದ ಕಡತಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿ, ಉಳಿದವುಗಳಿಂದ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆಯೇ ಕಂಟೈನರ್. 2013ರಲ್ಲಿ ಬಂದ ‘ಡಾಕರ್’ ಇದನ್ನು ಜನಪ್ರಿಯಗೊಳಿಸಿತು. ಲಿನಕ್ಸ್‌ನಲ್ಲಿ ಡಾಕರ್‌ಗೆ ಕೊಡುವ ಸೂಚನೆಗಳು ಸಾಮಾನ್ಯವಾಗಿ ‘ಡೀಮನ್ ಡಾಟ್ ಜೇಸನ್’ ಎಂಬ ಪುಟ್ಟ ಕಡತದಲ್ಲಿರುತ್ತವೆ. ಕಂಟೈನರ್‌ಗೆ ಗ್ರಾಫಿಕ್ಸ್ ಕಾರ್ಡ್ ಒದಗಿಸುವ ಎನ್‌ವಿಡಿಯಾದ ಸಾಧನವೂ ಇದೇ ಕಡತವನ್ನು ಓದಿ, ತನ್ನ ವಿವರ ಸೇರಿಸಿ, ಮತ್ತೆ ಬರೆಯುತ್ತದೆ.

ಇಂಥ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿ ಏನನ್ನು ಪರೀಕ್ಷಿಸಬೇಕು? ಹೊಸ ವಿವರ ಸೇರಿತೇ ಎಂದಷ್ಟೇ ನೋಡಿದರೆ ಸಾಲದು. ಅನ್ನ ಬೆಂದಿದೆಯೇ ಎನ್ನಲು ಒಂದಗುಳು ಹಿಸುಕಿದರೆ ಸಾಕು. ಇಲ್ಲಿ ಪ್ರತಿ ಅಗುಳನ್ನೂ ನೋಡಬೇಕು. ಒಂದು ಅಲ್ಪವಿರಾಮ ತಪ್ಪಿದರೆ ಡಾಕರ್ ಶುರುವೇ ಆಗದು. ಆ ತಪ್ಪು ಬೇಗ ತಿಳಿಯುತ್ತದೆ. ಆದರೆ ದತ್ತಾಂಶವಿರುವ ಜಾಗವನ್ನು ಹೇಳುವ ‘ಡೇಟಾ ರೂಟ್’ ಸಾಲು ಅಳಿಸಿಹೋದರೆ? ಮುಂದಿನ ಸಲ ಡಾಕರ್ ತಕರಾರಿಲ್ಲದೆ ಶುರುವಾಗಿ, ಮಾಮೂಲಿ ಜಾಗದಲ್ಲಿ ಹುಡುಕುತ್ತದೆ. ಹಳೆಯ ಕಂಟೈನರ್‌ಗಳೆಲ್ಲ ಮಾಯವಾದಂತೆ ಕಾಣುತ್ತದೆ!

ಆದ್ದರಿಂದ ಯೂನಿಟ್ ಟೆಸ್ಟ್‌ನಲ್ಲಿ ಅಸಲಿ ಕಡತವನ್ನು ಮುಟ್ಟಬೇಡಿ. ತಾತ್ಕಾಲಿಕ ಫೋಲ್ಡರಿನಲ್ಲಿ ಮಾದರಿ ಕಡತವಿಟ್ಟು, ಅದರ ವಿಳಾಸವನ್ನು ಪ್ರೋಗ್ರಾಂಗೆ ಕೊಡಿ. ನಂತರ ನಾಲ್ಕು ಪ್ರಶ್ನೆ ಕೇಳಿ:

1. ಕಡತವೇ ಇಲ್ಲದಿದ್ದರೆ ಹೊಸದು ತಯಾರಾಯಿತೇ?
2. ಹಳೆಯ ಸಾಲುಗಳೆಲ್ಲ ಹಾಗೆಯೇ ಉಳಿದವೇ?
3. ಎರಡು ಸಲ ಓಡಿಸಿದಾಗ ವಿವರ ಎರಡೆರಡು ಬಾರಿ ಸೇರಲಿಲ್ಲವಷ್ಟೇ?
4. ಕಡತ ಮೊದಲೇ ಕೆಟ್ಟಿದ್ದರೆ, ಅದನ್ನು ಮುಟ್ಟದೆ ದೋಷವನ್ನು ತಿಳಿಸಿತೇ?

ಪೋಷಕರೇ, ಮಕ್ಕಳು ತಮ್ಮ ಪ್ರಾಜೆಕ್ಟ್ ತೋರಿಸಿದಾಗ ‘ಕೆಲಸ ಮಾಡುತ್ತದೆಯೇ?’ ಎಂದು ಕೇಳುತ್ತೀರಿ. ‘ಇದ್ದದ್ದನ್ನು ಕೆಡಿಸಲಿಲ್ಲ ತಾನೇ?’ ಎಂದೂ ಕೇಳಿ ನೋಡಿ.