ಅಜ್ಜಿಯ ಜಡೆಯ ಲೆಕ್ಕ

ನಮ್ಮೂರು ಶಿವಗಂಗೆಯ ದೇವರು ಗಂಗಾಧರೇಶ್ವರ. ಶಿವ ಗಂಗೆಯನ್ನು ಜಟೆಯಲ್ಲಿ ಹಿಡಿದಿಟ್ಟ ಕಥೆ ಬೆಟ್ಟ ಹತ್ತಲು ಬರುವ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಮನೆಯಲ್ಲಿರುವ ಅಜ್ಜಿಯ ಜಡೆ ಯಾಕೆ ಸಣ್ಣದಾಯಿತು ಎಂದು ಕೇಳಿದರೆ ಹೇಳುವವರು ಕಡಿಮೆ. ಈ ವಾರ ಅದನ್ನೇ ಮಾತಾಡೋಣ.

ಮೊದಲು ಒಂದು ಲೆಕ್ಕ, ಮಕ್ಕಳೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ಲೆಕ್ಕವಿಲ್ಲದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಒಬ್ಬರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದಿನಕ್ಕೆ 100ರಂತೆ ಬರೀ ಉದುರುತ್ತಲೇ ಇದ್ದರೆ 1,000 ದಿನಕ್ಕೆ, ಅಂದರೆ ಮೂರು ವರ್ಷ ತುಂಬುವ ಮೊದಲೇ, ತಲೆ ಬೋಳಾಗಬೇಕು. ಹಾಗಾಗುವುದಿಲ್ಲ, ಯಾಕೆಂದರೆ ಅದೇ ಬುಡದಲ್ಲಿ ಹೊಸ ಕೂದಲು ಹುಟ್ಟುತ್ತದೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಖಾತೆಯಿಂದ ತೆಗೆದಷ್ಟು ಮತ್ತೆ ಜಮಾ ಆಗುತ್ತಿರುವ ಹಾಗೆ.

ಹೆಂಗಸರಿಗೆ 45ರಿಂದ 50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಇದು ರೋಗವಲ್ಲ, ವಯಸ್ಸಿನ ಒಂದು ಘಟ್ಟ. ಆಗ ದೇಹದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತದೆ. ಕೂದಲು ಬೆಳೆಯುವ ಅವಧಿ ಮೊಟಕಾಗುತ್ತದೆ, ಹೊಸದಾಗಿ ಬರುವ ಕೂದಲು ತೆಳ್ಳಗಾಗುತ್ತದೆ. ಬೈತಲೆ ಅಗಲವಾಗುತ್ತದೆ, ನೆತ್ತಿ ಒಣಗುತ್ತದೆ. ತಲೆಯಲ್ಲಿ ಕಡಿಮೆಯಾದ ಹೊತ್ತಿನಲ್ಲೇ ಕೆಲವರಿಗೆ ಗದ್ದದ ಮೇಲೆ ಒಂದೆರಡು ಒರಟು ಕೂದಲು ಬರುವುದೂ ಉಂಟು.

ನಮ್ಮ ಮನೆಯಾಕೆಗೆ ಐವತ್ತು ಹತ್ತಿರವಾದಾಗ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಹಳೆಯ ರೂಢಿಯಂತೆ ಅದನ್ನು ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಬೀದಿಗೆ ಬರುವ ಕೂದಲಿನವರು ಅದಕ್ಕೆ ಪಿನ್ನೋ ಪಾತ್ರೆಯೋ ಕೊಡುತ್ತಾರಲ್ಲ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ಉದ್ದ ನೋಡಿ ವಿಂಗಡಿಸುವುದೇ ದೊಡ್ಡ ಕಸುಬು. ಗೂಡಿನ ಉಂಡೆ ವಾರದಿಂದ ವಾರಕ್ಕೆ ದಪ್ಪವಾಯಿತು. ನೆಂಟರು ಒಬ್ಬೊಬ್ಬರು ಒಂದೊಂದು ಎಣ್ಣೆ ಹೇಳಿದರು. ಆಕೆ ಮದುವೆ ಮುಂಜಿಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಕೊನೆಗೆ ಒಬ್ಬ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣಾಂಶ ಬಹಳ ಕಡಿಮೆಯಿತ್ತು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಹೆಚ್ಚು ರಕ್ತ ಹೋಗುತ್ತದೆ, ಅದರಿಂದಲೂ ಹೀಗಾಗುತ್ತದೆ ಎಂದರು. ಮಾತ್ರೆ ತೆಗೆದುಕೊಂಡ ಮೇಲೆ ಆಯಾಸ ಹೋಯಿತು, ಉದುರುವುದು ತಗ್ಗಿತು. ಹಳೆಯ ದಪ್ಪ ಜಡೆ ಮಾತ್ರ ತಿರುಗಿ ಬರಲಿಲ್ಲ.

ಅದಕ್ಕೇ ಅಜ್ಜಿಯರಿಗೆ, ಅಮ್ಮಂದಿರಿಗೆ ನನ್ನ ಮಾತು: ಎಲ್ಲವನ್ನೂ ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗಬೇಡಿ. ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೂ ಉದುರುತ್ತದೆ. ಬಿಲ್ಲೆಬಿಲ್ಲೆಯಾಗಿ ಉದುರಿದರೆ, ನೆತ್ತಿ ಕೆಂಪಾಗಿ ಉರಿದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಎಂಬ ಔಷಧಿ ಇದೆ. ಅದರ ಫಲ ಕಾಣಲು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಮನೆಯಲ್ಲಿ ಮಾಡುವುದೂ ಇದೆ. ಕೊಬ್ಬರಿ ಎಣ್ಣೆ ಕೂದಲು ಒಣಗಿ ತುಂಡಾಗುವುದನ್ನು ತಡೆಯುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ಸೀಗೆಕಾಯಿಯಾಗಲಿ ಶಾಂಪೂ ಆಗಲಿ, ಗಸಗಸ ಉಜ್ಜಬೇಡಿ. ಒದ್ದೆ ಕೂದಲನ್ನು ಬಿಗಿಯಾಗಿ ಗಂಟು ಹಾಕಬೇಡಿ, ಅಗಲ ಹಲ್ಲಿನ ಬಾಚಣಿಗೆ ಹಿಡಿಯಿರಿ. ಕಪ್ಪು ಬಣ್ಣ ಹಚ್ಚುವ ಮೊದಲು ಮೊಣಕೈ ಒಳಭಾಗಕ್ಕೆ ತುಸು ಹಚ್ಚಿ ಎರಡು ದಿನ ನೋಡಿ, ತುರಿಕೆ ಬಂದರೆ ಬಿಟ್ಟುಬಿಡಿ. ಊಟದಲ್ಲಿ ಹುರುಳಿ, ಸೊಪ್ಪು, ಕಾಳು ಇರಲಿ, ತಿನ್ನುವವರಿಗೆ ಮೊಟ್ಟೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಒಗ್ಗುತ್ತದೆ. ಊಟವಾದ ತಕ್ಷಣ ಕಾಫಿ ಟೀ ಬೇಡ, ಅವು ಅದಕ್ಕೆ ಅಡ್ಡ ಬರುತ್ತವೆ.

ಈಗ ಮಕ್ಕಳಿಗೆ. ನನ್ನ ಮೊಮ್ಮಗಳು ಒಮ್ಮೆ "ಅಜ್ಜಿ, ನಿನ್ನ ಜಡೆ ಇಲಿ ಬಾಲ" ಅಂದಳು. ಅಜ್ಜಿ ನಕ್ಕಳು, ಆದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ಮೊಮ್ಮಗಳನ್ನು ಗದರಲಿಲ್ಲ. ಮೇಲಿನ ಲೆಕ್ಕವನ್ನೇ ಕೂರಿಸಿ ಹೇಳಿದೆ. ಅವಳಿಗೆ ಅರ್ಥವಾಯಿತು. ಈಗ ಭಾನುವಾರ ಅಜ್ಜಿಯ ತಲೆ ಬಾಚುವುದು ಅವಳದೇ ಕೆಲಸ.

ನಿಮ್ಮ ಮನೆಯಲ್ಲೂ ಅಜ್ಜಿಯೋ ಅಮ್ಮನೋ ಕನ್ನಡಿ ಮುಂದೆ ಬೈತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರೆ ತಮಾಷೆ ಮಾಡಬೇಡಿ. "ಡಾಕ್ಟರ ಹತ್ತಿರ ಹೋಗೋಣವಾ?" ಎಂದು ಕೇಳಿ. ಅಜ್ಜಂದಿರೇ, ಆ ದಿನ ಜೊತೆಗೆ ಹೋಗುವ ಕೆಲಸ ನಮ್ಮದು.