ಕುಜಾಂಗ್ ಯಾರ ಕತ್ತಿ?

ಮೊನ್ನೆ ಲೈಬ್ರರಿಯಲ್ಲಿ ಜಾವಾ ದ್ವೀಪದ ಚಿತ್ರಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ ಒಂದು ಕತ್ತಿ ಕಣ್ಣಿಗೆ ಬಿತ್ತು. ಕುಡುಗೋಲಿನ ಹಾಗೆ ಬಾಗಿದೆ, ಬೆನ್ನಿಗೆ ಹಲ್ಲುಗಳಿವೆ, ಅಲಗಿನಲ್ಲಿ ಸಾಲು ತೂತುಗಳು. ಹೆಸರು ಕುಜಾಂಗ್. ದ್ವೀಪದ ಪಶ್ಚಿಮ ಭಾಗದ ಸುಂಡಾ ಜನರದು.

ಇವತ್ತು ಅದಕ್ಕೆ ಭಾರೀ ಮರ್ಯಾದೆ. ಪಶ್ಚಿಮ ಜಾವಾ ಪ್ರಾಂತದ ಲಾಂಛನದ ನಟ್ಟನಡುವೆ ಅದೇ. ಬೋಗೋರ್ ಪಟ್ಟಣದಲ್ಲಿ 1982ರಲ್ಲಿ ಅದಕ್ಕೊಂದು ಸ್ತಂಭವನ್ನೇ ನಿಲ್ಲಿಸಿದರು. ಪಜಾಜರಾನ್ ರಾಜ್ಯ, ಸಿಲಿವಾಂಗಿ ಮಹಾರಾಜ, ಅಲಗಿನೊಳಗಿನ ದೈವಶಕ್ತಿ ಅಂತ ಕಥೆಗಳಿಗೂ ಬರವಿಲ್ಲ.

ಆದರೆ 1518ರ ಒಂದು ಹಳೆಯ ಸುಂಡಾ ಗ್ರಂಥ ಬೇರೆಯೇ ಮಾತು ಹೇಳುತ್ತದೆ. ಅದು ಆಯುಧಗಳನ್ನು ಮೂರು ಪಾಲು ಮಾಡುತ್ತದೆ. ರಾಜನಿಗೆ ಖಡ್ಗ, ಕ್ರಿಸ್. ಋಷಿಮುನಿಗಳಿಗೆ ಸಣ್ಣ ಚೂರಿಗಳು. ರೈತನಿಗೆ ಕೊಡಲಿ, ಕಳೆಗುದ್ದಲಿ, ಮರದಿಂದ ರಸ ಇಳಿಸುವ ಕತ್ತಿ, ಜೊತೆಗೆ ಕುಜಾಂಗ್! ಅಂದರೆ ಅದು ಮಣ್ಣಿನವನ ಪಾಲಿನದು. ಕನೆಕೆಸ್ ಗುಡ್ಡದ ಬದುಯಿ ಜನರಲ್ಲಿ ಅದು ಇಂದಿಗೂ ಬೇಸಾಯದ ಜೊತೆಗೇ ಇದೆ. ಆಕಾಶದಲ್ಲಿ 'ಕಿಡಾಂಗ್', ಎಂದರೆ ಜಿಂಕೆ, ಕಾಣಿಸಿತೆಂದರೆ ಅವರು ಕುಜಾಂಗ್ ಕೆಳಗಿಳಿಸಿ ಹೊಲಕ್ಕೆ ಹೊರಡುತ್ತಾರೆ. ಆ ನಕ್ಷತ್ರಗಳು ನಮ್ಮ ಮೃಗಶಿರದ ನೆರೆಯವೇ. ಇಲ್ಲಿ ಮಿರ್ಗದ ಮಳೆ, ಅಲ್ಲಿ ಜಿಂಕೆಯ ಗುರುತು!

"ರಾಜನ ಹೆಸರು ಸೇರಿಕೊಂಡು ಗೌರವ ಬಂತಲ್ಲ, ತಪ್ಪೇನಪ್ಪಾ?" ಅಂತ ಗೆಳೆಯನೊಬ್ಬ ಕೇಳಿದ. ಗೌರವ ಬರಲಿ, ಬೇಡ ಅಂದವರಾರು? ಕತ್ತಿಯನ್ನು ಕಂಬದ ಮೇಲೇರಿಸಿ, ಅದನ್ನು ಹಿಡಿದ ಕೈಯನ್ನು ಮರೆತರೆ ಅದು ಗೌರವವಲ್ಲ ಅಂತಷ್ಟೇ ನನ್ನ ತಕರಾರು.

ಸುಂಡಾದವರಿಗೆ ಬುದ್ಧಿ ಹೇಳುವ ಮೊದಲು ನನ್ನ ಮನೆಯನ್ನೇ ನೋಡಬೇಕಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಯ ಗೋಡೆ ಮೇಲೆ ಅಪ್ಪ ಒಂದು ಹಿತ್ತಾಳೆ ಖಡ್ಗ ತೂಗುಹಾಕಿದ್ದಾರೆ, ವಸ್ತುಪ್ರದರ್ಶನದಲ್ಲಿ ಕೊಂಡದ್ದು. ಬಂದವರಿಗೆಲ್ಲ "ನಮ್ಮ ಕನ್ನಡನಾಡಿನ ಪರಂಪರೆ" ಅಂತ ನಾನೇ ತೋರಿಸುತ್ತಿದ್ದೆ. ಅದರಿಂದ ಬೆಣ್ಣೆಯೂ ಕೊಯ್ಯಲಾರದು! ಊರಲ್ಲಿ ಅಜ್ಜನ ಕುಡುಗೋಲಿದೆ. ಹಿಡಿ ಸವೆದಿದೆ, ಅಲಗು ಅರ್ಧಕ್ಕಿಳಿದಿದೆ. ಚಿಕ್ಕಪ್ಪ ಈಗಲೂ ಅದರಲ್ಲೇ ಜೋಳ ಕೊಯ್ಯುತ್ತಾರೆ. ಅದನ್ನು ನಾನು ಯಾರಿಗೂ ತೋರಿಸಿಲ್ಲ. ಒಮ್ಮೆಯೂ ಕೈಯಲ್ಲಿ ಹಿಡಿದಿಲ್ಲ.

ನಮ್ಮ ಕನ್ನಡವೂ ಹೀಗೇ ಆಗುತ್ತಿದೆಯೇ ಅಂತ ಭಯ. ನವೆಂಬರಿನಲ್ಲಿ ಗೋಡೆಯ ಖಡ್ಗ, ಉಳಿದ ಹನ್ನೊಂದು ತಿಂಗಳು ಮನೆಯಲ್ಲಿ ಹಿಂದಿ. ಈ ಸಲ ಸುಗ್ಗಿಗೆ ಊರಿಗೆ ಹೋಗುತ್ತೇನೆ. ಚಿಕ್ಕಪ್ಪ ನಗಲಿ, ಒಂದು ಸಾಲಾದರೂ ಕೊಯ್ದು ಬರುತ್ತೇನೆ.