ಅಭಾವವೋ ಪ್ರಯೋಗವೋ: ‘ನೊಯ್! 2’ರ ವಿಮರ್ಶಾ ಸ್ವೀಕೃತಿ

ಒಂದು ಕೃತಿ ತನ್ನ ಕಾಲದಲ್ಲಿ ತಿರಸ್ಕೃತವಾಗಿ ಮುಂದೆ ಪುರಸ್ಕೃತವಾದಾಗ, ಹಿಂದಿನ ವಿಮರ್ಶಕರಿಗೆ ಅದು ಅರ್ಥವಾಗಲಿಲ್ಲ, ಇಂದಿನವರಿಗೆ ಅರ್ಥವಾಗಿದೆ ಎಂಬ ತೀರ್ಮಾನ ಸುಲಭವಾಗಿ ರೂಢಿಗೆ ಬರುತ್ತದೆ. ಸ್ವೀಕೃತಿಯ ಚರಿತ್ರೆಯನ್ನು ಬರೆಯುವವರು ಈ ಕಥನವನ್ನು ಪರೀಕ್ಷೆಗೆ ಒಡ್ಡುವುದು ಕಡಿಮೆ. ಜರ್ಮನಿಯ ‘ನೊಯ್!’ ಎಂಬ ಪ್ರಯೋಗಶೀಲ ರಾಕ್ ತಂಡದ ಎರಡನೆಯ ಆಲ್ಬಂ ಪಡೆದ ನಿಂದೆ ಮತ್ತು ಪ್ರಶಂಸೆಗಳು ಅಂಥ ಪರೀಕ್ಷೆಗೆ ತಕ್ಕ ನಿದರ್ಶನವಾಗಿವೆ.

‘ಕ್ರಾಫ್ಟ್‌ವೆರ್ಕ್’ ತಂಡದಿಂದ ಹೊರಬಂದ ಕ್ಲಾಸ್ ಡಿಂಗರ್ ಮತ್ತು ಮಿಖಾಯೆಲ್ ರೋಟರ್ 1971ರಲ್ಲಿ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ಈ ತಂಡವನ್ನು ಕಟ್ಟಿದರು. ‘ನೊಯ್’ ಎಂದರೆ ಹೊಸದು. ಬದಲಾಗದ ಡ್ರಮ್ ನಡೆಯ ಮೇಲೆ ಗಿಟಾರಿನ ನಾದ ಪದರಪದರವಾಗಿ ಹರಡಿಕೊಳ್ಳುವ ಇವರ ಶೈಲಿ 1972ರ ಮೊದಲ ಆಲ್ಬಂನಲ್ಲೇ ಖಚಿತವಾಗಿತ್ತು. ಕೋನಿ ಪ್ಲಾಂಕ್ ಅವರೊಡನೆ ಸಿದ್ಧಪಡಿಸಿದ ಎರಡನೆಯ ಆಲ್ಬಂ 1973ರಲ್ಲಿ ಹೊರಬಂದಿತು. ಅದರ ಮೊದಲ ಬದಿಯ ಕೆಲಸ ಮುಗಿಯುವ ಹೊತ್ತಿಗೆ ಹಣ ತೀರಿತ್ತು. ಎರಡನೆಯ ಬದಿಯನ್ನು ತುಂಬಲು ತಂಡ ತನ್ನದೇ ಹಿಂದಿನ ಸಿಂಗಲ್‌ನ ‘ನೊಯ್‌ಶ್ನೇ’ ಮತ್ತು ‘ಸೂಪರ್’ ಎಂಬ ಎರಡು ಕೃತಿಗಳನ್ನು ಬಳಸಿಕೊಂಡಿತು. ಅವು ಮೂಲರೂಪದಲ್ಲಿಯೂ, ನಿಮಿಷಕ್ಕೆ 16 ಮತ್ತು 78 ಸುತ್ತುಗಳ ವೇಗವನ್ನು ಹೆಸರಿನಲ್ಲೇ ಸೂಚಿಸುವ ರೂಪಾಂತರಗಳಾಗಿಯೂ ಅಲ್ಲಿ ಕಾಣಿಸಿಕೊಂಡವು. ‘ಕಸೆಟ್ಟೊ’ ಎಂಬ ತುಣುಕಿನಲ್ಲಿ ಕ್ಯಾಸೆಟ್ ಯಂತ್ರದ ವಿಕೃತ ಧ್ವನಿಯೇ ವಸ್ತುವಾಯಿತು.

ಅಂದಿನ ವಿಮರ್ಶೆ ಎರಡನೆಯ ಬದಿಯನ್ನು ಅಗ್ಗದ ತಂತ್ರವೆಂದು ತಳ್ಳಿಹಾಕಿತು. ಕೊಂಡ ಶ್ರೋತೃಗಳಲ್ಲಿ ಹಲವರಿಗೆ ಮೋಸಹೋದ ಭಾವನೆ ಬಂದಿತು. ಈ ಪ್ರತಿಕ್ರಿಯೆಯನ್ನು ರಸಹೀನತೆಯೆಂದು ಬಗೆಯುವುದು ನ್ಯಾಯವಲ್ಲ. ಹಾನ್ಸ್ ರಾಬರ್ಟ್ ಯಾಸ್ 1967ರಲ್ಲಿ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಮಂಡಿಸಿದ ವಿಚಾರದಂತೆ, ಓದುಗರು ಕೃತಿಯನ್ನು ಎದುರುಗೊಳ್ಳುವುದು ಒಂದು ನಿರೀಕ್ಷೆಯ ದಿಗಂತದೊಳಗಿನಿಂದ. ಆಲ್ಬಂ ಎಂದರೆ ಪೂರ್ಣ ಪ್ರಮಾಣದ ಹೊಸ ರಚನೆ ಎಂಬುದು ಅಂದಿನ ರಾಕ್ ಶ್ರೋತೃವಿನ ದಿಗಂತ. ಪೂರ್ಣ ಬೆಲೆ ತೆತ್ತವನು ಹಳೆಯ ಮುದ್ರಿಕೆಯನ್ನೇ ಮತ್ತೆ ಕೇಳಬೇಕಾದಾಗ ಆಕ್ಷೇಪಿಸಿದರೆ, ಆ ಆಕ್ಷೇಪಕ್ಕೆ ಆಧಾರವಿದೆ. ಆದರೆ ಅಂದಿನ ವಿಮರ್ಶೆ ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಕೃತಿ ಹುಟ್ಟಿದ ಕಾರಣವನ್ನೇ ಅದು ಕೃತಿಯ ಮೌಲ್ಯವೆಂದು ಎಣಿಸಿತು; ಅಭಾವದಿಂದ ಹುಟ್ಟಿದ್ದು ಅಭಾವವನ್ನಷ್ಟೇ ನುಡಿಯಬಲ್ಲದು ಎಂದು ನಂಬಿತು.

1995ರಲ್ಲಿ ಜೂಲಿಯನ್ ಕೋಪ್ ಅವರ ‘ಕ್ರಾಟ್‌ರಾಕ್‌ಸ್ಯಾಂಪ್ಲರ್’ ಈ ಧಾರೆಯ ಸಂಗೀತದತ್ತ ಮತ್ತೆ ಗಮನ ಸೆಳೆಯಿತು. 2001ರಲ್ಲಿ ಆಲ್ಬಂಗಳು ಅಧಿಕೃತವಾಗಿ ಸಿ.ಡಿ. ರೂಪದಲ್ಲಿ ಬಂದಾಗ, ಎರಡನೆಯ ಬದಿ ರೀಮಿಕ್ಸ್ ಪದ್ಧತಿಯ ಪೂರ್ವಸೂಚಿಯೆಂಬ ಕೀರ್ತಿ ಪಡೆಯಿತು. ಇಲ್ಲಿಯೂ ಒಂದು ದೋಷವಿದೆ. ಹಿಂದಿನವರು ಕಾರಣವನ್ನು ಮೌಲ್ಯವಾಗಿಸಿದರೆ, ಇಂದಿನವರು ಪರಿಣಾಮವನ್ನು ಉದ್ದೇಶವಾಗಿಸಿದರು. ತಂಡದ ಇಬ್ಬರೇ ಈ ವಿಷಯದಲ್ಲಿ ಒಂದೇ ಮಾತನ್ನಾಡಿಲ್ಲ: ಡಿಂಗರ್ ಇದನ್ನು ಪಾಪ್ ಆರ್ಟ್ ಮಾದರಿಯ ಕಾರ್ಯವೆಂದು ಸಮರ್ಥಿಸಿದರೆ, ರೋಟರ್ ಹಣದ ಕೊರತೆಗೇ ಒತ್ತುಕೊಟ್ಟಿದ್ದಾರೆ. ಜೊತೆಗೆ, ಮುದ್ರಿತ ನಾದವನ್ನು ಮರುರಚಿಸುವ ಕ್ರಮ 1970ರ ದಶಕದ ಮೊದಲ ವರ್ಷಗಳಲ್ಲಿ ಜಮೈಕಾದಲ್ಲಿ ಕಿಂಗ್ ಟಬ್ಬಿ ಮುಂತಾದವರ ‘ಡಬ್’ ಕೃತಿಗಳಲ್ಲಿ ಆಗಲೇ ಬೆಳೆಯುತ್ತಿತ್ತು. ಈ ಸಮಕಾಲೀನತೆಯನ್ನು ಬಿಟ್ಟು ಒಂದೇ ಆಲ್ಬಂಗೆ ಆದ್ಯಪ್ರವರ್ತಕ ಪಟ್ಟ ಕಟ್ಟುವುದು ಚರಿತ್ರೆಯಲ್ಲ, ಸ್ತುತಿ.

ಈ ಎರಡೂ ತೀರ್ಪುಗಳ ನಡುವೆ ವಿಮರ್ಶಕರ ಕಣ್ಣಿಗೆ ಬೀಳದ ಒಂದು ಸ್ವೀಕೃತಿಯಿದೆ. 1976ರಲ್ಲಿ ಬಂದ, ಜಿಮ್ಮಿ ವಾಂಗ್ ಯೂ ಅವರ ‘ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟಿನ್’ ಎಂಬ ಚೀನೀ ಸಮರಕಲೆಯ ಚಲನಚಿತ್ರದಲ್ಲಿ ಅಂಧ ಹಂತಕನ ಪಾತ್ರಕ್ಕೆ ‘ಸೂಪರ್ 16’ ಹಿನ್ನೆಲೆಯಾಯಿತು. ಮುದ್ರಿಕೆಯ ವೇಗ ಇಳಿದಂತೆ ಶ್ರುತಿಯೂ ಇಳಿಯುತ್ತದೆ. ಉತ್ಸಾಹದ ರಾಕ್ ನಡೆ ಇಲ್ಲಿ ಭಾರವಾದ, ಭೀಷಣವಾದ ಹೆಜ್ಜೆಯಾಗಿ ಕೇಳಿಸುತ್ತದೆ. ಆ ಬಳಕೆಗೆ ತಂಡದ ಹಣಕಾಸಿನ ವೃತ್ತಾಂತವಾಗಲಿ ರೀಮಿಕ್ಸ್ ಸಿದ್ಧಾಂತವಾಗಲಿ ಬೇಕಾಗಲಿಲ್ಲ. ಮೂಲದಲ್ಲಿ ಇರದಿದ್ದ ಭಾವವೊಂದು ರೂಪಾಂತರದಲ್ಲಿ ಹುಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆದರೆ ಇದೇ ಮಾತನ್ನು ಆ ಬದಿಯ ಎಲ್ಲ ತುಣುಕುಗಳಿಗೂ ಹೇಳಲಾಗದು. 78ರ ವೇಗದ ರೂಪಾಂತರಗಳು ಮೊದಲ ಕ್ಷಣದ ನಗೆಯನ್ನು ದಾಟಿ ಮುಂದೆ ಸಾಗುವುದಿಲ್ಲ. ಇಡೀ ಬದಿಯನ್ನು ಒಂದೇ ಮಾತಿನಲ್ಲಿ ತಳ್ಳಿದವರೂ ಎತ್ತಿಹಿಡಿದವರೂ ಈ ತಾರತಮ್ಯವನ್ನು ಮಾಡಲಿಲ್ಲ.

ಕೃತಿಯ ಹುಟ್ಟು, ಕರ್ತೃವಿನ ಉದ್ದೇಶ, ಸಹೃದಯನಲ್ಲಿ ಉಂಟಾಗುವ ಪರಿಣಾಮ, ಈ ಮೂರೂ ಬೇರೆಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಒಪ್ಪಿಸಿದಾಗ ವಿಮರ್ಶೆ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ. ‘ಮರುಓದು’ ಎಂಬ ಮಾತು ಕನ್ನಡ ಸಂಶೋಧನೆಯಲ್ಲಿ ಸಲೀಸಾಗಿ ಚಲಾವಣೆಗೊಂಡಿರುವಾಗ ಈ ಎಚ್ಚರ ಇಲ್ಲಿಗೂ ಸಲ್ಲುತ್ತದೆ. ಮರುಓದಿನ ಕೆಲಸ ಹಿಂದಿನ ನಿಂದೆಯನ್ನು ಸ್ತುತಿಯಿಂದ ಅಳಿಸುವುದಲ್ಲ. ನಿಂದಿಸಿದವರು ಏನನ್ನು ಸರಿಯಾಗಿ ಕೇಳಿಸಿಕೊಂಡಿದ್ದರು ಎಂಬುದನ್ನೂ ಅದು ದಾಖಲಿಸಬೇಕು. ಹಣ ತೀರಿದ್ದು ನಿಜ. ‘ಸೂಪರ್ 16’ ಬೇರೊಂದು ಕೃತಿಯಾಗಿ ನಿಂತಿರುವುದೂ ನಿಜ. ಮೊದಲನೆಯ ಸತ್ಯವನ್ನು ಮುಚ್ಚಿಡದೆ ಎರಡನೆಯದನ್ನು ಹೇಳಬಲ್ಲ ವಿಮರ್ಶೆ ಮಾತ್ರ ಆ ಆಲ್ಬಂಗೆ ನ್ಯಾಯ ಸಲ್ಲಿಸೀತು.